ಲೈಟ್ ತೆಗೆಯುವ ಲತೀಶ

ಕಡಬ ಪೇಟೆಯಲ್ಲಿ ಲತೀಶನ ಅಂಗಡಿ ಎಲ್ಲಿ ಎಂದು ಕೇಳಿದರೆ, ಯಾವ ಲತೀಶ ಎಂಬ ಮರುಪ್ರಶ್ನೆ ಬರುತ್ತದೆ. ಲೈಟ್ ತೆಗೆಯುವ ಲತೀಶ ಎಂದರೆ ಸಾಕು, ಬಾಡಿಗೆ ಜೀಪಿನವನಿಂದ ಹಿಡಿದು ಹಾಲಿನ ಡೈರಿಯವನ ತನಕ ಎಲ್ಲರೂ ಬಸ್‌ಸ್ಟ್ಯಾಂಡಿನ ಹಿಂದಿರುವ ತಗಡಿನ ಶೆಡ್ಡಿನ ಕಡೆಗೆ ಕೈ ತೋರಿಸುತ್ತಾರೆ. ಬಲ್ಬು ಕಳಚುವ ಕೆಲಸವಲ್ಲ ಅದು. ಈಗಿನ ಕಾರುಗಳಲ್ಲಿ ಒಳಗೆ ಏನಾದರೂ ಕೆಟ್ಟರೆ ಸ್ಟೇರಿಂಗಿನ ಮುಂದೆ ಹಳದಿ ಬಣ್ಣದ ಇಂಜಿನ್ ಲೈಟ್ ಹೊತ್ತಿಕೊಳ್ಳುತ್ತದೆ. ತೊಂದರೆ ಇದೆ, ನೋಡಿಸು ಎಂದು ಗಾಡಿ ಹೇಳುವ ಕ್ರಮ ಅದು. ನಮ್ಮ ಕಡೆಯವರಿಗೋ, ತೊಂದರೆಗಿಂತ ಲೈಟಿನದೇ ದೊಡ್ಡ ತಲೆನೋವು. ಮದುವೆಗೆ ಹೋಗಲಿಕ್ಕಿದೆ, ಲೈಟ್ ತೆಗೆದುಕೊಡು. ಗಾಡಿ ಮಾರಲಿಕ್ಕಿದೆ, ಲೈಟ್ ತೆಗೆದುಕೊಡು. ಲತೀಶ ಅಂಗೈ ಅಗಲದ ಸ್ಕ್ಯಾನರಿನ ವಯರನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿ, ಅಳಿಸು ಎಂಬಲ್ಲಿ ಬೆರಳು ಒತ್ತುತ್ತಿದ್ದ. ಲೈಟ್ ಹೋಗುತ್ತಿತ್ತು. ತೊಂದರೆ ಇದ್ದಲ್ಲೇ ಇರುತ್ತಿತ್ತು.

ಕೆಲಸಗಾರ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಪುತ್ತೂರಿನ ಒಂದು ಬ್ಯಾಟರಿ ಅಂಗಡಿ ಸೇರಿ, ಜೀಪುಗಳ ಅಡಿಯಲ್ಲಿ ಮಲಗಿ ವಯರಿಂಗ್ ಕಲಿತವನು. ಕಂಪ್ಯೂಟರ್ ಇರುವ ಕಾರುಗಳು ಬಂದು ಹಳೆಯ ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿ ಕೂತಾಗ, ಇವನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಆ ವಿದ್ಯೆಯನ್ನೂ ಒಲಿಸಿಕೊಂಡ. ಇಡೀ ಇಂಜಿನ್ನನ್ನು ಆಳುವ ಇಸಿಎಂ ಎಂಬ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುವ ಧೈರ್ಯ ಈ ಮೂರು ತಾಲೂಕಿನಲ್ಲಿ ಇದ್ದದ್ದು ಇವನೊಬ್ಬನಿಗೆ ಎಂದರೂ ತಪ್ಪಿಲ್ಲ. ಅವನ ದೋಷ ಬೇರೆಯೇ. ಎದುರು ನಿಂತವರಿಗೆ ಆಗುವುದಿಲ್ಲ ಎಂದು ಹೇಳಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಲೈಟ್ ಹೋದ ಕೂಡಲೇ ಗಿರಾಕಿಯ ಮುಖ ಅರಳುತ್ತದಲ್ಲ, ಅದನ್ನು ನೋಡುವ ಚಟವೂ ಸ್ವಲ್ಪ ಇತ್ತು.

ಫೆಬ್ರವರಿಯ ಒಂದು ಶುಕ್ರವಾರ ರಿತೇಶ್ ಬಂದಿದ್ದ. ಕಡಬದಿಂದ ಎರಡು ಮೈಲಿ ಆಚೆ ರಬ್ಬರು, ಅಡಿಕೆ ಇದ್ದ ಮನೆಯವನು, ಮೂವತ್ತೇಳರ ಪ್ರಾಯ, ಕಾರಿನಿಂದ ಇಳಿಯುವ ಮೊದಲೇ ನಗುವವನು. ಲೈಟ್ ಹೊತ್ತಿತ್ತು. ಸ್ಕ್ಯಾನರ್ ತೋರಿಸಿದ್ದು ಕ್ರ್ಯಾಂಕ್ ಸೆನ್ಸರಿನ ದೋಷ. ಇಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವ ಹೆಬ್ಬೆರಳು ಗಾತ್ರದ ಸಾಮಾನು ಅದು. ಅದರ ಸುದ್ದಿ ನಿಂತರೆ ಪೆಟ್ಟಿಗೆ ಡೀಸೆಲ್ ಕೊಡುವುದನ್ನು ನಿಲ್ಲಿಸುತ್ತದೆ, ಓಡುತ್ತಿರುವಾಗಲೇ ಇಂಜಿನ್ ಆಫ್ ಆಗುತ್ತದೆ.

“ಸೆನ್ಸರ್ ಪುತ್ತೂರಿಂದ ಬರ್ಬೇಕು ರಿತೇಶಣ್ಣ. ಸೋಮವಾರದವರೆಗೆ ಗಾಡಿ ಇಲ್ಲೇ ಇರ್ಲಿ,” ಎಂದ ಲತೀಶ. ಗಿರಾಕಿ ಚಿಕ್ಕವನಾದರೂ ಅಣ್ಣನೇ, ಅದು ಅಂಗಡಿಯ ಮರ್ಯಾದೆ.

“ಅಯ್ಯೋ, ಆದಿತ್ಯವಾರ ಪಂಜದಲ್ಲಿ ತಂಗಿದು ಸೀಮಂತ ಮಾರಾಯ್ರೆ. ಚಿಕ್ಕಪ್ಪನ ಮಗಳು. ಹೋಗದಿದ್ರೆ ಆಗ್ತದಾ? ಈಗ ಲೈಟ್ ತೆಗೆದುಕೊಡಿ, ಸೋಮವಾರ ಬೆಳಿಗ್ಗೆ ತಂದು ಬಿಡ್ತೇನೆ.”

ಲತೀಶ ಒತ್ತಿದ. ಲೈಟ್ ಹೋಯಿತು. ರಿತೇಶನ ಮುಖ ಅರಳಿತು.

ಆದಿತ್ಯವಾರ ಹತ್ತೂವರೆಗೆ, ಪಂಜದ ದಾರಿಯ ಇಳಿಜಾರಿನ ತಿರುವಿನಲ್ಲಿ, ಕಾರು ತಿರುಗದೆ ನೇರ ಹೋಗಿ ಕೆಳಗಿನ ರಬ್ಬರು ತೋಟಕ್ಕೆ ಬಿತ್ತು. ಬಲಬದಿ ಪೂರ್ತಿ ಜಜ್ಜಿಹೋಗಿತ್ತು, ರಿತೇಶ್ ಅಲ್ಲೇ ತೀರಿಹೋಗಿದ್ದ. ತೋಟದಲ್ಲಿ ರಬ್ಬರಿನ ಹಾಲು ಎತ್ತುತ್ತಿದ್ದವರು, ಬ್ರೇಕಿನ ಶಬ್ದವೇ ಕೇಳಲಿಲ್ಲ ಎಂದರು. ರಸ್ತೆಯಲ್ಲಿ ಚಕ್ರ ಉಜ್ಜಿದ ಗುರುತೂ ಇರಲಿಲ್ಲ.

ಸಂಜೆ ಮನೆಯಂಗಳದಲ್ಲಿ ಊರಿಗೆ ಊರೇ ಸೇರಿತ್ತು. ರಿತೇಶನ ಹೆಂಡತಿ ಸುಪ್ರಿತಾ ಚಾವಡಿಯ ಕಂಬಕ್ಕೆ ಒರಗಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಾಗಿರಲಿಲ್ಲ. ಸೀಮಂತದ ಮನೆಯಲ್ಲಿ ಬಸುರಿಗೆ ಹೂ ಮುಡಿಸಲು ಹೆಂಗಸರನ್ನು ಕರೆಯುವಾಗ ತನ್ನನ್ನು ಹಾರಿಸಿ ಪಕ್ಕದವಳನ್ನು ಕರೆಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ಎರಡು ಸಲ ಹಾಗಾಗಿತ್ತು. ಬರುವುದಿಲ್ಲ ಎಂದಿದ್ದಳು. ಅವನು ಒತ್ತಾಯ ಮಾಡಿದ್ದ. ಮಾತಿಗೆ ಮಾತು ಬೆಳೆದು, “ನೀವೊಬ್ಬರೇ ಹೋಗಿ, ವಾಪಸು ಬರದಿದ್ರೂ ಅಡ್ಡಿಯಿಲ್ಲ” ಎಂದುಬಿಟ್ಟಿದ್ದಳು. ಅದನ್ನೇ ಹೇಳುತ್ತಿದ್ದಳು. ವಾಪಸು ಬರದಿದ್ರೂ ಅಡ್ಡಿಯಿಲ್ಲ ಅಂದೆ, ಬರ್ಲಿಲ್ಲ.

ಅಂಗಳದ ಮೂಲೆಯಲ್ಲಿ ಯಾರೋ ಹಿರಿಯರು ಲತೀಶನ ಭುಜ ಹಿಡಿದು ಕೇಳಿದರು. “ಮೊನ್ನೆ ನಿನ್ನ ಹತ್ರ ಗಾಡಿ ತಂದಿದ್ದ ಅಲ್ವಾ? ಎಂತಾದ್ರು ತೊಂದರೆ ಇತ್ತಾ ಅದ್ರಲ್ಲಿ?”

“ಎಂತ ಇಲ್ಲ. ನಾನೇ ನೋಡಿದ್ದೇನೆ. ಗಾಡಿ ಸರಿ ಇತ್ತು.”

ಯೋಚಿಸುವ ಮೊದಲೇ ಬಾಯಿಂದ ಬಿದ್ದ ಮಾತು. ಯೋಚಿಸಿದ ಮೇಲಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಆ ಮಾತು ಅಂಗಳದಿಂದ ಚಾವಡಿಗೆ, ಚಾವಡಿಯಿಂದ ಕಂಬದ ಬುಡಕ್ಕೆ ಹೋಯಿತು. ಗಾಡಿ ಸರಿ ಇತ್ತು ಎಂದ ಮೇಲೆ ಉಳಿದದ್ದು ಏನು? ಹೆಂಡತಿಯ ಮಾತಿಗೆ ನೊಂದು ಬೇಕೆಂದೇ ಗಾಡಿಯನ್ನು ಕೆಳಕ್ಕೆ ಬಿಟ್ಟ ಎಂದು ಊರು ತೀರ್ಮಾನಿಸಿತು. ಮೂರು ತಿಂಗಳ ಮೇಲೆ ಸುಪ್ರಿತಾ ಆ ಮನೆ ಬಿಟ್ಟು ಪುತ್ತೂರಿನ ದರ್ಬೆಯಲ್ಲಿರುವ ಅಕ್ಕನ ಮನೆಗೆ ಹೋದಳು. ಹೊರಗಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಕೆ ಹೊಲಿಯುತ್ತಾಳೆ ಎಂದು ಯಾರೋ ಹೇಳಿದರು.

ಲತೀಶ ಬದುಕಿಕೊಂಡಿದ್ದು ಒಂದೇ ಆಧಾರದ ಮೇಲೆ. ಸೆನ್ಸರಿನಿಂದಲೇ ಆಯಿತು ಎಂದು ಗೊತ್ತಿಲ್ಲವಲ್ಲ. ಕೆಲವು ಸೆನ್ಸರ್ ಲೈಟ್ ಹಾಕಿಕೊಂಡೇ ವರ್ಷಗಟ್ಟಲೆ ಓಡುತ್ತದೆ. ಹಾಗೆ ಓಡಿದ ಗಾಡಿಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಎಂಟು ತಿಂಗಳು ಕಳೆದ. ಊಟ ಮಾಡಿದ, ಮಗಳನ್ನು ಶಾಲೆಗೆ ಬಿಟ್ಟ, ನೂರಾರು ಲೈಟ್ ತೆಗೆದ.

ಅಕ್ಟೋಬರಿನಲ್ಲಿ ಸುಳ್ಯದ ಆಚೆಯ ಮಂಡೆಕೋಲಿನ ಅಚ್ಚುತಣ್ಣನ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಅಚ್ಚುತಣ್ಣ ಅರುವತ್ತರ ಗೌಡರು, ಗಾಡಿಯ ಮೇಲೆ ಮಗುವಿನ ಮೇಲಿನಷ್ಟು ಪ್ರೀತಿ. ಆ ಪ್ರೀತಿಯೇ ಮುಳುವಾಯಿತು. ಆಯುಧಪೂಜೆಗೆ ಗಾಡಿ ಫಳಫಳ ಅನ್ನಬೇಕೆಂದು ಬೋನೆಟ್ ಎತ್ತಿ, ಅಡಿಕೆ ಮರಕ್ಕೆ ಬೋರ್ಡೋ ಮದ್ದು ಬಿಡುವ ಪಂಪು ಹಚ್ಚಿ, ಇಂಜಿನ್ನಿನ ಸಂದುಗೊಂದಿಗೆಲ್ಲ ನೀರು ಹೊಡೆದಿದ್ದರು. ಪಂಪಿನಲ್ಲಿ ಮಳೆಗಾಲದ ಮದ್ದಿನ, ಲೋಹ ತಿನ್ನುವ ಮೈಲುತುತ್ತು ಉಳಿದಿತ್ತು. ಮರದ ತುದಿಗೆ ಮುಟ್ಟುವ ನೀರಿನ ಹೊಡೆತಕ್ಕೆ ರಬ್ಬರಿನ ಬಿರಡೆ ತಡೆದೀತೇ? ನೀರು ಇಸಿಎಂ ಪೆಟ್ಟಿಗೆಯ ಒಳಗೆ ಹೋಯಿತು. ಹೂಮಾಲೆ ಹಾಕಿಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು, ಗಾಡಿ ಪೂಜೆಯಾದ ಎಂಟನೇ ದಿನ ಮಲಗಿತು. ಲತೀಶ ಬಿಚ್ಚಿ ನೋಡಿದರೆ ಪಿನ್ನುಗಳೆಲ್ಲ ಹಸಿರು ಕಿಲುಬು ಹಿಡಿದು ಉದುರುತ್ತಿದ್ದವು.

“ಪೂಜೆಗೇಂತ ತೊಳೆದದ್ದು ಮಾರಾಯ್ರೆ, ಎಂತ ಮಾಡುದು ಈಗ?” ಅಚ್ಚುತಣ್ಣ ಅಳುವ ಹಾಗಿದ್ದರು. ಹೆಂಡತಿ ಕಮಲಾವತಿಯನ್ನು ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಡಯಾಲಿಸಿಸ್‌ಗೆ ಪುತ್ತೂರಿಗೆ ಕರೆದುಕೊಂಡು ಹೋಗುವುದು ಅದೇ ಕಾರಿನಲ್ಲಿ. ಹೊಸ ಪೆಟ್ಟಿಗೆ ಬರಲು ಎರಡು ತಿಂಗಳು ಎಂದು ಕಂಪನಿಯವರು ಹೇಳಿದ್ದರು. ಲತೀಶ ಅದೇ ದಿನ ಪುತ್ತೂರಿನ ಶಮೀರನ ಗುಜರಿಗೆ ಹೋದ.

ಗುಜರಿಯಲ್ಲಿ ಒಂದು ರಿವಾಜು ಉಂಟು. ಸಾಮಾನು ಯಾವ ಗಾಡಿಯದ್ದು ಎಂದು ಕೊಳ್ಳುವವನು ಕೇಳುವುದಿಲ್ಲ, ಕೊಡುವವನು ಹೇಳುವುದಿಲ್ಲ. ಕೇಳಿದರೆ ಮನಸ್ಸಿಗೆ ಹತ್ತುತ್ತದೆ, ಹತ್ತಿದ ಮೇಲೆ ಕೊಳ್ಳಲಿಕ್ಕಾಗುವುದಿಲ್ಲ. ಶಮೀರ ಒಳಗಿನಿಂದ ನಾಲ್ಕು ಪೆಟ್ಟಿಗೆ ತಂದು ಹಲಗೆಯ ಮೇಲಿಟ್ಟ. ಅಚ್ಚುತಣ್ಣನ ಪೆಟ್ಟಿಗೆಯ ಮೇಲಿದ್ದ ನಂಬ್ರವೇ ಇದ್ದದ್ದು ಒಂದಕ್ಕೆ. “ಇದು ಒಳ್ಳೆ ಪೀಸು. ಬ್ಯಾಟ್ರಿ ಹಿಂದೆ ಇತ್ತು, ಒಂದು ಗೀರು ಇಲ್ಲ,” ಎಂದ. ಲತೀಶ ಕೇಳಲಿಲ್ಲ. ದಾರಿಯಲ್ಲಿ ಅಚ್ಚುತಣ್ಣನ ಫೋನು ಬಂತು.

“ಲತೀಶ್, ಜೀವ ಹೋದ ಗಾಡಿದು ಅಲ್ಲ ಅಲ್ವಾ? ಹಾಗಾದ್ರೆ ಕಮಲಾವತಿ ಹತ್ತುದಿಲ್ಲ. ಆಸ್ಪತ್ರೆಗೆ ಹೋಗುವವಳು ನೋಡಿ, ಅವಳಿಗೆ ಅದೊಂದು ಹೆದರಿಕೆ.”

“ಅಲ್ಲ ಅಚ್ಚುತಣ್ಣ, ಹಾಗೆಂತ ಇಲ್ಲ,” ಎಂದ ಲತೀಶ. ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ಆ ಹೊತ್ತಿಗೆ ಅದು ಸುಳ್ಳೂ ಆಗಿರಲಿಲ್ಲ.

ಹಳೆಯ ಪೆಟ್ಟಿಗೆ ತಂದು ಸಿಕ್ಕಿಸಿದ ಕೂಡಲೇ ಗಾಡಿ ಚಾಲೂ ಆಗುವುದಿಲ್ಲ. ಅದು ತನ್ನ ಮೊದಲಿನ ಕಾರಿನ ಕೀಯನ್ನು ಮಾತ್ರ ಗುರುತು ಹಿಡಿಯುತ್ತದೆ. ಸತ್ತ ಪೆಟ್ಟಿಗೆಯ ಚಿಪ್‌ನಲ್ಲಿರುವ ನೆನಪನ್ನೆಲ್ಲ ತೆಗೆದು ಇದರೊಳಗೆ ತುಂಬಬೇಕು. ತುಂಬಿದರೆ ಇದರ ನೆನಪು ಒಂದು ಅಕ್ಷರವೂ ಉಳಿಯದೆ ಹೋಗುತ್ತದೆ. ತುಂಬುವ ಮೊದಲು ಪೆಟ್ಟಿಗೆ ಚೆನ್ನಾಗಿದೆಯೇ ಎಂದು ಓದಿ ನೋಡುವುದು ಲತೀಶನ ಅಭ್ಯಾಸ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಅಚ್ಚುತಣ್ಣನ ಕಾರಿಗೆ ಅದನ್ನು ಸಿಕ್ಕಿಸಿ ಸ್ಕ್ಯಾನರ್ ಹಚ್ಚಿದ. ಅಚ್ಚುತಣ್ಣ ಶೆಡ್ಡಿನ ಹೊರಗೆ ಬೆಂಚಿನಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

ಸ್ಕ್ಯಾನರ್ ಪೆಟ್ಟಿಗೆಯೊಳಗಿನ ಚಾಸಿಸ್ ನಂಬ್ರ ಓದಿತು. ಈ ಗಾಡಿ ಮೊದಲೇ ಪಟ್ಟಿಯಲ್ಲಿದೆ ಎಂದಿತು. ಕೆಳಗೆ, ಲತೀಶ ತಾನೇ ಒಂದು ದಿನ ಬೆರಳಿನಿಂದ ಒತ್ತಿ ಬರೆದಿದ್ದ ಹೆಸರು ಬಂತು. ರಿತೇಶ್, ಕಡಬ.

ಅಲ್ಲಿಗೇ ವಯರು ಕಿತ್ತಿದ್ದರೆ ಗೊತ್ತಿಲ್ಲದವನಾಗಿಯೇ ಸಾಯಬಹುದಿತ್ತು. ಕೀಳಲಿಲ್ಲ. ಬೆರಳು ತನ್ನ ಅಭ್ಯಾಸದಂತೆ ಮುಂದಕ್ಕೆ ಒತ್ತಿತು. ದೋಷ ಒಂದು. ಕ್ರ್ಯಾಂಕ್ ಸೆನ್ಸರ್, ಸುದ್ದಿ ನಿಂತಿದೆ. ದೋಷ ಬಂದಾಗ ಗಾಡಿಯ ವೇಗ ನಲವತ್ತೆಂಟು. ಕೊನೆಯ ಸಾಲಿನಲ್ಲಿ, ದೋಷ ಅಳಿಸಿದ ಮೇಲೆ ಗಾಡಿ ಓಡಿದ ದೂರ ಅರುವತ್ತೊಂದು ಕಿಲೋಮೀಟರು.

ಅಳಿಸಿದವನು ಅವನೇ. ಆ ಶುಕ್ರವಾರ ಅವನು ಬೆರಳು ಒತ್ತಿದ ಕ್ಷಣದಿಂದ ಪೆಟ್ಟಿಗೆ ಒಂದು, ಎರಡು ಎಂದು ಎಣಿಸುತ್ತ ಹೋಗಿ, ಇಳಿಜಾರಿನ ತಿರುವಿಗೆ ಬಂದಾಗ ನಿಲ್ಲಿಸಿತ್ತು. ಇಂಜಿನ್ ಆಫಾದರೆ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕ್ ಪೆಡಲು ಒಂದೆರಡು ಸಲ ತುಳಿದ ಮೇಲೆ ಕೆಳಗಿಳಿಯುವುದೇ ಇಲ್ಲ. ರಿತೇಶ್ ತುಳಿದಿದ್ದಾನೆ. ಜೀವದಾಸೆಯಿಂದ, ಎರಡೂ ಕಾಲಿನಿಂದ ತುಳಿದಿದ್ದಾನೆ. ಹೆಂಡತಿಯ ಮಾತಿಗೆ ಸಾಯಲು ಹೊರಟವನಲ್ಲ ಅವನು. ಸೀಮಂತದ ಊಟ ಮುಗಿಸಿ, ಸಿಟ್ಟು ಮಾಡಿಕೊಂಡ ಹೆಂಡತಿಗೆ ಹೋಳಿಗೆ ಕಟ್ಟಿಸಿಕೊಂಡು ವಾಪಸು ಬರಬೇಕಾಗಿದ್ದವನು.

“ಆಯ್ತಾ ಮಾರಾಯ್ರೆ?” ಹೊರಗಿನಿಂದ ಅಚ್ಚುತಣ್ಣ ಕೇಳಿದರು.

“ಈಗ ಆಗ್ತದೆ,” ಎಂದ.

ಜೇಬಿನಿಂದ ಮೊಬೈಲ್ ತೆಗೆದ. ಪರದೆಯ ಒಂದು ಫೋಟೋ ಹೊಡೆದರೆ ಸಾಕಿತ್ತು. ಅಷ್ಟನ್ನು ದರ್ಬೆಗೆ ಒಯ್ದು ತೋರಿಸಿದರೆ ಒಬ್ಬ ಹೆಂಗಸು ತನ್ನ ಬಾಯಿಯ ಮಾತಿಗೆ ತಾನೇ ನೇಣು ಹಾಕಿಕೊಂಡಂತೆ ಬದುಕುವುದು ನಿಲ್ಲುತ್ತಿತ್ತು. ಹಿಂದೆಯೇ ಬೇರೆ ಯೋಚನೆಗಳು ಬಂದವು. ಪೋಲೀಸು, ರಿತೇಶನ ಮನೆಯವರು, ಶೆಡ್ಡಿನ ಮುಂದೆ ಸೇರುವ ಜನ, ಶಾಲೆಯಲ್ಲಿ ಮಗಳಿಗೆ ಕೇಳುವ ಪ್ರಶ್ನೆಗಳು. ಗಾಡಿ ಸರಿ ಇತ್ತು ಎಂದು ಹೆಣದ ಮುಂದೆ ನಿಂತು ಹೇಳಿದ್ದು ಇವನೇ ಅಲ್ವಾ ಎಂಬ ಮಾತು. ಸೋಮವಾರ ಕಮಲಾವತಕ್ಕನಿಗೆ ಆಸ್ಪತ್ರೆಗೆ ಹೋಗಲಿಕ್ಕಿದೆ, ಈ ಪೆಟ್ಟಿಗೆ ಬಿಟ್ಟರೆ ಬೇರೆ ಇಲ್ಲ ಎಂಬ ನೆಪವೂ ಕೈಗೆ ಸಿಕ್ಕಿತು. ನೆಪ ಎಂದು ಯಾಕೆ ಹೇಳುತ್ತೇನೆಂದರೆ, ಫೋಟೋ ಹೊಡೆದ ಮೇಲೂ ಪೆಟ್ಟಿಗೆಯನ್ನು ಅಚ್ಚುತಣ್ಣನಿಗೆ ಕೊಡಬಹುದಿತ್ತು. ಅದು ಲತೀಶನಿಗೂ ಗೊತ್ತಿತ್ತು.

ಮೊಬೈಲನ್ನು ಸ್ಟೂಲಿನ ಮೇಲೆ ಕವುಚಿ ಹಾಕಿದ. ಪೆಟ್ಟಿಗೆಯನ್ನು ಮೇಜಿಗೆ ತಂದು, ಅಚ್ಚುತಣ್ಣನ ಸತ್ತ ಪೆಟ್ಟಿಗೆಯಿಂದ ಎತ್ತಿಟ್ಟಿದ್ದ ನೆನಪನ್ನು ಅದರೊಳಗೆ ಬಿಟ್ಟ. ಹನ್ನೊಂದು ನಿಮಿಷದ ಕೆಲಸ. ಪರದೆಯ ಮೇಲೆ ಹಸಿರು ಗೆರೆ ನಿಧಾನ ಬಲಕ್ಕೆ ಹೋಯಿತು. ಅರ್ಧಕ್ಕೆ ಬರುವಾಗ ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದ. ಗೆರೆ ತುದಿ ಮುಟ್ಟಿತ್ತು. ಸ್ಕ್ಯಾನರಿನ ಪಟ್ಟಿಯಲ್ಲಿದ್ದ ರಿತೇಶನ ಹೆಸರನ್ನೂ ತೆಗೆದ.

ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಅಚ್ಚುತಣ್ಣ ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟು, ಲತೀಶನ ಎರಡೂ ಕೈ ಹಿಡಿದು, “ನೀವು ದೇವರ ಹಾಗೆ ಬಂದ್ರಿ” ಎಂದು ಹೇಳಿ ಹೋದರು.

ಅಂದಿನಿಂದ ಲತೀಶ ಲೈಟ್ ತೆಗೆಯುವುದನ್ನು ಬಿಟ್ಟ. ಸಾಮಾನು ಹಾಕದೆ ಅಳಿಸುವುದಿಲ್ಲ ಎಂದು ಬಂದವರಿಗೆಲ್ಲ ಹೇಳತೊಡಗಿದ. ನಾಲಿಗೆ ಎದ್ದಿತು, ಎಂಟು ತಿಂಗಳು ತಡವಾಗಿ. ಇವನಿಗೆ ಅಹಂಕಾರ ಬಂದಿದೆ ಎಂದು ಜನ ಬೇರೆ ಕಡೆಗೆ ಹೋದರು. ಹೆಂಡತಿ ಯಾಕೆ ಊಟ ಮಾಡುವುದಿಲ್ಲ ಎಂದು ಕೇಳಿದಳು. ಗ್ಯಾಸ್ ಎಂದ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವಾಗ, ಮಗಳ ಜಡೆಗೆ ರಿಬ್ಬನ್ ಕಟ್ಟುವಾಗ, ಅರುವತ್ತೊಂದು ಎಂಬ ಅಂಕಿ ಸುಮ್ಮನೆ ಬಂದು ಎದುರು ನಿಲ್ಲುತ್ತಿತ್ತು. ಐದನೇ ವಾರ ಅವನಿಗೆ ತಡೆಯಲಿಕ್ಕಾಗಲಿಲ್ಲ. ಏನಾದರೂ ಆಗಲಿ, ಪೋಲೀಸರಾದರೂ ಬರಲಿ ಎಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ದರ್ಬೆಗೆ ಹೋದ.

ಮನೆ ಸುಳ್ಯದ ರಸ್ತೆಗೆ ತಾಗಿಕೊಂಡೇ ಇತ್ತು. ಸುಪ್ರಿತಾ ಹೊರಕೋಣೆಯಲ್ಲಿ ರವಕೆಗೆ ತೋಳು ಕೂಡಿಸುತ್ತಿದ್ದಳು. ತುಂಬ ಇಳಿದಿದ್ದಳು. “ಬನ್ನಿ ಲತೀಶಣ್ಣ, ಕೂತುಕೊಳ್ಳಿ,” ಎಂದು ಬಟ್ಟೆಗಳನ್ನು ಸರಿಸಿ ಕುರ್ಚಿ ಬಿಡಿಸಿಕೊಟ್ಟಳು.

ಅವನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ. ಶುಕ್ರವಾರದ ಲೈಟ್, ಸೆನ್ಸರ್, ತಾನು ಒತ್ತಿದ್ದು, ಅಂಗಳದಲ್ಲಿ ಹೇಳಿದ ಸುಳ್ಳು, ಗುಜರಿಯ ಪೆಟ್ಟಿಗೆ, ಅರುವತ್ತೊಂದು ಕಿಲೋಮೀಟರು. “ಅವರು ಬೇಕಂತ ಮಾಡಿದ್ದಲ್ಲ ಸುಪ್ರಿತಕ್ಕ. ನಿಮ್ಮ ಮಾತಿಂದ ಅಲ್ಲ. ನನ್ನಿಂದ ಆದದ್ದು,” ಎಂದು ಮುಗಿಸಿದ.

ಸುಪ್ರಿತಾ ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಅವಳ ಮುಖದಲ್ಲಿ ಒಂದು ಗಳಿಗೆ ಏನೋ ಬಂತು. ಲತೀಶ ಅದನ್ನು ಕಂಡ. ತುಂಬ ದಿನ ಹಸಿದವರು ಅನ್ನದ ಪರಿಮಳಕ್ಕೆ ತಲೆ ಎತ್ತಿದ ಹಾಗೆ ಇತ್ತು ಅದು.

“ಆ ಬಾಕ್ಸ್ ಉಂಟಾ ಈಗ?”

“ಉಂಟು. ಆದ್ರೆ ಅದ್ರಲ್ಲಿ ಈಗ ಅದೆಂತ ಇಲ್ಲ. ಬೇರೆ ಗಾಡಿದು ತುಂಬಿಸಿ ಆಯ್ತು.”

“ಫೋಟೋ?”

“ತೆಗೀಲಿಲ್ಲ.”

“ನಿಮ್ಮ ಮಿಷನ್ನಲ್ಲಿ?”

“ಅದ್ರಿಂದಲೂ ತೆಗೆದೆ.”

ಆ ಬಂದದ್ದು ಅವಳ ಮುಖದಿಂದ ಹೋಯಿತು. ಅವಳು ತಲೆ ತಗ್ಗಿಸಿ ರವಕೆಯ ತೋಳನ್ನು ಮಡಚಿದಳು, ಬಿಡಿಸಿದಳು. ಮತ್ತೆ ಮಾತಾಡುವಾಗ ಸ್ವರ ಮೆತ್ತಗಿತ್ತು.

“ಅಕ್ಕ ಹೇಳಿದ್ಲಲ್ವಾ ನಿಮ್ಮತ್ರ, ನಾನು ಸರಿ ಊಟ ಮಾಡುದಿಲ್ಲ ಅಂತ?”

“ಇಲ್ಲ. ನಿಮ್ಮ ಅಕ್ಕನನ್ನು ನಾನು ನೋಡಿದ್ದೇ ಇಲ್ಲ.”

“ಮೊದಲು ಅತ್ತಿಗೆ ಬಂದು, ಹಾರ್ಟ್ ನಿಂತದ್ದಾಗಿರ್ಬೇಕು ಅಂದ್ರು. ಮತ್ತೆ ಭಟ್ರು ಬಂದು ಗ್ರಹಚಾರ ಅಂದ್ರು. ಎಲ್ಲರೂ ನಂಗೆ ಸಮಾಧಾನ ಆಗ್ಲಿ ಅಂತ ಒಂದೊಂದು ತರ್ತಾರೆ. ಆದ್ರೆ ಇಷ್ಟರವರೆಗೆ ತಪ್ಪನ್ನು ಯಾರೂ ಅವರವರ ತಲೆ ಮೇಲೆ ಹಾಕಿಕೊಂಡಿರ್ಲಿಲ್ಲ. ನೀವು ಒಳ್ಳೆಯವರು ಲತೀಶಣ್ಣ.”

“ಸಮಾಧಾನಕ್ಕೆ ಅಲ್ಲ ಅಕ್ಕ. ದೇವರಾಣೆ, ಇದು ಸತ್ಯ.”

“ಆ ದಿನ ನೀವೇ ಹೇಳಿದ್ದಲ್ವಾ, ಗಾಡಿ ಸರಿ ಇತ್ತು ಅಂತ? ಆಗ ಯಾರಿಗೂ ಎಂತದೂ ಯೋಚನೆ ಮಾಡ್ಲಿಕ್ಕೆ ಪುರುಸೊತ್ತಿರ್ಲಿಲ್ಲ. ಆಗ ಬಂದದ್ದೇ ಸತ್ಯ.” ಅವಳು ಎದ್ದಳು. “ಇದನ್ನು ಬೇರೆ ಯಾರತ್ರವೂ ಹೇಳ್ಬೇಡಿ. ಸುಮ್ಮನೆ ನಿಮ್ಮ ಅಂಗಡಿಗೆ ಕೆಟ್ಟ ಹೆಸರು. ಮಗಳುಂಟಲ್ವಾ ನಿಮ್ಗೆ? ನಾನು ಅವರನ್ನು ಎಂತ ಹೇಳಿ ಕಳಿಸಿದ್ದು ಅಂತ ನಂಗೆ ಗೊತ್ತುಂಟು.”

ಒಳಗೆ ಹೋಗಿ ಲಿಂಬೆ ಶರಬತ್ತು ಮಾಡಿ ತಂದಳು. ಅವನು ಗ್ಲಾಸು ಹಿಡಿದು ನಿಂತ, ಅವಳು ನೋಡುತ್ತಿದ್ದಳು, ಕುಡಿಯಬೇಕಾಯಿತು. ಬೈದಿದ್ದರೆ, ಕಾಲರ್ ಹಿಡಿದು ರಸ್ತೆಗೆ ಎಳೆದಿದ್ದರೆ ಅವನು ಅಲ್ಲೇ ಕಾಲಿಗೆ ಬಿದ್ದುಬಿಡುತ್ತಿದ್ದ. ಅವಳು ಅದೊಂದನ್ನೂ ಮಾಡಲಿಲ್ಲ.

ಗೇಟಿನ ತನಕ ಬಂದಳು. ರಸ್ತೆಯಲ್ಲಿ ಸುಳ್ಯದ ಕಡೆಯಿಂದ ಬಂದ ಕಾರೊಂದು ಹಾರನ್ ಹೊಡೆದು ನಿಧಾನ ಮಾಡಿತು. ಅಚ್ಚುತಣ್ಣ. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದ ಕಮಲಾವತಿ ಬಿಳಿಚಿಕೊಂಡ ಕೈಯೆತ್ತಿ ಬೀಸಿದರು. ಅಚ್ಚುತಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಗಾಡಿ ಭಾರೀ ಲಾಯ್ಕ ಉಂಟು ಮಾರಾಯ್ರೆ!” ಎಂದು ಕೂಗಿ ಆಸ್ಪತ್ರೆಯ ಕಡೆಗೆ ಹೋದರು. ಲತೀಶ ಆ ಕಾರು ಕಣ್ಮರೆಯಾಗುವ ತನಕ ನೋಡಿದ.

“ಯಾರು ಅವರು?” ಸುಪ್ರಿತಾ ಕೇಳಿದಳು.

“ಮಂಡೆಕೋಲಿನವರು. ಅವರ ಗಾಡಿ ನಾನು ರಿಪೇರಿ ಮಾಡಿದ್ದು.”

“ಒಳ್ಳೆದಾಯ್ತು, ಪಾಪ, ಕಾಯಿಲೆಯವರ ಹಾಗೆ ಕಾಣ್ತದೆ,” ಎಂದು ಅವಳು ಗೇಟು ಹಾಕಿ ಒಳಗೆ ಹೋದಳು.